ತೀರ್ಪಿನ ಬಳಿಕ ಬರಬೇಕಾದ ಕೊಂಡಿ

ಜಾಲತಾಣವೊಂದನ್ನು ನಡೆಸುವ ಲೇಖಕನು ತನ್ನ ಬರಹದೊಳಗೆ ಅಫಿಲಿಯೇಟ್ ಲಿಂಕನ್ನು, ಅಂದರೆ ಅದರ ಮೂಲಕ ಓದುಗನು ಏನನ್ನಾದರೂ ಕೊಂಡರೆ ಲೇಖಕನಿಗೆ ಕಮಿಷನ್ ತರುವ ಕೊಂಡಿಯನ್ನು, ಯಾವಾಗ ಸೇರಿಸತಕ್ಕದ್ದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಓದುಗರ ಸಂಖ್ಯೆಯನ್ನು ಕುರಿತದ್ದಾಗಿರುತ್ತದೆ. ಅದರಲ್ಲಿ ವ್ಯವಹಾರಜ್ಞಾನವು ಇಲ್ಲದೆ ಇಲ್ಲ. ಇಂಥ ಕೊಂಡಿಗಳಿಗಾಗಿ ಅಮೆಜಾನ್ ನಡೆಸುವ ಅಸೋಸಿಯೇಟ್ಸ್ ಯೋಜನೆಗೆ ಸೇರಿದವನ ಮೂಲಕ ಮೊದಲ 180 ದಿನಗಳಲ್ಲಿ ಮೂರು ಮಾರಾಟಗಳಾದರೂ ನಡೆಯದಿದ್ದಲ್ಲಿ ಅವನ ಖಾತೆಯು ರದ್ದಾಗುವುದರಿಂದ, ಓದುಗರೇ ಬಾರದ ತಾಣದಲ್ಲಿ ಆತುರದಿಂದ ಕೊಂಡಿಗಳನ್ನು ತುಂಬಿದವನಿಗೆ ಶ್ರಮವೊಂದೇ ಉಳಿಯುತ್ತದೆ. ಆದರೆ ಓದುಗರ ಸಂಖ್ಯೆಯು ಲಾಭದ ಕಾಲವನ್ನು ಸೂಚಿಸಬಲ್ಲುದೇ ಹೊರತು ಔಚಿತ್ಯದ ಕಾಲವನ್ನಲ್ಲ. ವಸ್ತುವನ್ನು ಕುರಿತ ಲೇಖಕನ ತೀರ್ಪು ಪೂರ್ಣವಾಗಿ ರೂಪುಗೊಂಡು, ಬರಹವು ಪ್ರಕಟವಾಗಿ, ಹಣದ ಕಾರಣದಿಂದ ಅದರ ಒಂದು ಪದವೂ ಬದಲಾಗುವ ಸಂಭವವಿಲ್ಲವೆಂದಾದ ಮೇಲೆಯೇ ಕೊಂಡಿಯು ಸೇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1996ರಲ್ಲಿ ಅಮೆಜಾನ್ ಆರಂಭಿಸಿದ ಈ ಯೋಜನೆಯ ಒಳಗುಟ್ಟನ್ನು ನೋಡಿದರೆ ಇದರ ಕಾರಣವು ತಿಳಿಯುತ್ತದೆ. ಓದುಗನು ಕೊಂಡಿಯನ್ನು ಒತ್ತಿ ಅಂಗಡಿಯನ್ನು ಹೊಕ್ಕ 24 ಗಂಟೆಗಳೊಳಗೆ, ಬರಹದಲ್ಲಿ ಹೆಸರಿಸಿದ ವಸ್ತುವನ್ನಲ್ಲದೆ ಬೇರಾವುದನ್ನು ಕೊಂಡರೂ ಲೇಖಕನಿಗೆ ಪಾಲು ಸಲ್ಲುವುದು ಸಾಮಾನ್ಯ ನಿಯಮ. ಅಂದಮೇಲೆ ಇಲ್ಲಿ ಬೆಲೆಯಿರುವುದು ವಿಮರ್ಶೆಯ ಸತ್ಯಕ್ಕಲ್ಲ, ಓದುಗನು ಅಂಗಡಿಯತ್ತ ಇಡುವ ಹೆಜ್ಜೆಗೆ. ‘ಇದನ್ನು ಕೊಳ್ಳಬೇಡಿ, ಮನೆಯಲ್ಲಿರುವ ಹಳೆಯ ಮಿಕ್ಸಿಯೇ ಸಾಕು’ ಎಂದು ಬರೆದು ಓದುಗನ ಐದು ಸಾವಿರ ರೂಪಾಯಿಯನ್ನು ಉಳಿಸಿದ ಪ್ರಾಮಾಣಿಕನಿಗೆ ಈ ವ್ಯವಸ್ಥೆಯಲ್ಲಿ ಬಿಡಿಗಾಸೂ ದೊರೆಯದು. ಬೇಡವೆನ್ನುವ ವಿಮರ್ಶೆಗೆ ಪ್ರತಿಫಲವಿಲ್ಲದ ಕಡೆ, ಬರೆಯುವವನಿಗೆ ಅರಿವಾಗದಂತೆಯೇ, ಆ ಬಗೆಯ ವಿಮರ್ಶೆಯು ವಿರಳವಾಗುತ್ತ ಹೋಗುತ್ತದೆ.

2011ರಲ್ಲಿ ಅಮೆರಿಕದಲ್ಲಿ ಹುಟ್ಟಿ, 2016ರಲ್ಲಿ ಸುಮಾರು 3 ಕೋಟಿ ಡಾಲರುಗಳಿಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಶವಾದ ‘ವೈರ್‌ಕಟರ್’ ಎಂಬ ತಾಣವು, ವಸ್ತುಗಳನ್ನು ಆರಿಸುವ ಸಂಪಾದಕರಿಗೆ ವಾಣಿಜ್ಯ ವಿಭಾಗದ ಒಪ್ಪಂದಗಳು ಮುಂಚಿತವಾಗಿ ತಿಳಿಯದಂತೆ ಎರಡು ವಿಭಾಗಗಳ ನಡುವೆ ಗೋಡೆಯೊಂದನ್ನು ಕಟ್ಟಿಕೊಂಡಿರುವುದಾಗಿ ಹೇಳಿಕೊಳ್ಳುತ್ತದೆ. ಆದರೆ ತಾನೇ ಲೇಖಕ, ತಾನೇ ಸಂಪಾದಕ, ತಾನೇ ಲೆಕ್ಕಿಗನಾಗಿರುವ ಏಕಾಂಗಿಯು ಅಂಥ ಗೋಡೆಯನ್ನು ಎಲ್ಲಿ ಕಟ್ಟಿಯಾನು? ಅವನಿಗೆ ಉಳಿದಿರುವ ಸಾಧನವು ಕಾಲವೊಂದೇ. ಮೊದಲು ಬರೆದು, ಪ್ರಕಟಿಸಿ, ಕೆಲವು ವಾರಗಳ ಕಾಲ ಓದುಗರ ಆಕ್ಷೇಪಗಳಿಗೆ ಆ ಬರಹವನ್ನು ಒಡ್ಡಿ, ತನ್ನ ಮಾತು ನಿಂತಿತೆಂದು ಕಂಡಾಗ ಮಾತ್ರ ಕೊಂಡಿಯನ್ನು ಸೇರಿಸುವವನು, ಎರಡು ವಿಭಾಗಗಳ ನಡುವಣ ಅಂತರವನ್ನು ತನ್ನ ಒಂದೇ ಮನಸ್ಸಿನಲ್ಲಿ ಸಾಧಿಸಿಕೊಳ್ಳುತ್ತಾನೆ. ಕಮಿಷನ್ನಿನ ದರಪಟ್ಟಿಯನ್ನು ನೋಡಿ ವಿಷಯವನ್ನು ಆರಿಸಿಕೊಂಡವರ ಪಾಡಾದರೋ ಬೇರೆ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಮೇಲಣ ಕಮಿಷನ್ನನ್ನು ಶೇಕಡಾ 8ರಿಂದ 3ಕ್ಕೆ ಇಳಿಸಿದಾಗ, ಅದನ್ನೇ ನಂಬಿದವರ ವರಮಾನವು ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು.

ಕನ್ನಡದ ಮಟ್ಟಿಗೆ ನನಗೆ ಅತ್ಯಂತ ಕಳವಳವನ್ನುಂಟುಮಾಡುವುದು ಪುಸ್ತಕ ವಿಮರ್ಶೆಯ ಪ್ರಸಂಗ. ಪುಸ್ತಕವನ್ನು ಮೆಚ್ಚಿ ಬರೆದವನು ಅದು ದೊರೆಯುವ ಸ್ಥಳವನ್ನೂ ತಿಳಿಸುವುದು ಓದುಗನಿಗೆ ಉಪಕಾರವೇ ಸರಿ. ಆದರೆ 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನ ಮೊದಲಾದ ಸಂಸ್ಥೆಗಳು ಹೊರತಂದ ಪುಸ್ತಕವನ್ನು ನೇರವಾಗಿ ಪ್ರಕಾಶಕರಿಂದಲೇ ತರಿಸಿಕೊಳ್ಳಬಹುದಾದಾಗ, ಕಮಿಷನ್ ಕೊಡುವುದೆಂಬ ಒಂದೇ ಕಾರಣಕ್ಕೆ ಓದುಗನನ್ನು ಬೃಹತ್ ಅಂಗಡಿಗೆ ಕಳುಹಿಸುವುದು ಪ್ರಕಾಶಕನಿಗೂ ಓದುಗನಿಗೂ ಬಗೆದ ಅನ್ಯಾಯ. ಅದಕ್ಕಿಂತಲೂ ಘೋರವಾದ ಸಂಗತಿಯೆಂದರೆ, ಆ ಅಂಗಡಿಗಳಲ್ಲಿ ದೊರೆಯದ ಕೃತಿಗಳು ಕ್ರಮೇಣ ವಿಮರ್ಶೆಯ ಕಣ್ಣಿಗೇ ಬೀಳದಂತಾಗುವುದು. ಜಿಲ್ಲೆಯ ಮೂಲೆಯಲ್ಲಿ ಐನೂರು ಪ್ರತಿಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವಿಗೆ ಕೊಂಡಿಯಿಲ್ಲ. ಕೊಂಡಿಯಿಲ್ಲದ ಕಾರಣಕ್ಕೇ ಅವನನ್ನು ಕುರಿತು ಬರೆಯುವವರೂ ಇಲ್ಲವಾದರೆ, ಈ ಸಂಪಾದನೆಗೆ ನಮ್ಮ ಭಾಷೆಯು ತೆತ್ತ ಬೆಲೆಯು ಅತಿಯಾದುದೆಂದೇ ಹೇಳಬೇಕು.

ಕೊಂಡಿಯೊಡನೆ, ಅದರಿಂದ ಲೇಖಕನಿಗೆ ಹಣ ಬರುತ್ತದೆಂಬ ಪ್ರಕಟಣೆಯೂ ಇರತಕ್ಕದ್ದು. ಪ್ರಚಾರಕನಿಗೂ ಮಾರಾಟಗಾರನಿಗೂ ಓದುಗನು ಊಹಿಸಲಾರದ ಸಂಬಂಧವಿದ್ದಲ್ಲಿ ಅದನ್ನು ಪೂರ್ಣವಾಗಿ ತಿಳಿಸಬೇಕೆಂದೂ, ಜಾಹೀರಾತಿನ ಹಕ್ಕುನಿರಾಕರಣೆಯು ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕೆಂದೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ವಿಧಿಸುತ್ತದೆ. ಇಡೀ ಲೇಖನವನ್ನು ಕನ್ನಡದಲ್ಲಿ ಬರೆದು, ಹಣದ ಮಾತನ್ನು ಮಾತ್ರ ಪುಟದ ತಳದಲ್ಲಿ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಅಡಗಿಸಿಡುವುದು ಈ ನಿಯಮದ ಆಶಯಕ್ಕೆ ವಿರುದ್ಧವಾದುದು. ‘ಈ ಕೊಂಡಿಯ ಮೂಲಕ ನೀವು ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂಬ ಸರಳ ವಾಕ್ಯವನ್ನು ಮೊದಲ ಕೊಂಡಿಗಿಂತ ಮೇಲೆಯೇ ಇಡಬಹುದು.

ಔಷಧ, ಸಾಲ, ಷೇರು ವ್ಯಾಪಾರ ಇವುಗಳನ್ನು ಕುರಿತ ಬರಹಗಳಿಗೆ ಕೊಂಡಿ ಎಂದಿಗೂ ಬೇಡ. ಅಲ್ಲಿ ತಪ್ಪಿದ ಸಲಹೆಯ ನಷ್ಟವನ್ನು ಭರಿಸುವ ಶಕ್ತಿ ಲೇಖಕನಿಗಿಲ್ಲ. ಉಳಿದೆಡೆ, ಸೇರಿಸಿದ ಕೊಂಡಿಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ, ವಸ್ತುವಿನ ಗುಣವು ಕುಂದಿದ್ದರೆ, ಅಥವಾ ಲೇಖಕನ ಅಭಿಪ್ರಾಯವೇ ಬದಲಾಗಿದ್ದರೆ, ಆ ಪುಟದಿಂದ ಎಷ್ಟೇ ವರಮಾನ ಬರುತ್ತಿದ್ದರೂ ಕೊಂಡಿಯನ್ನು ಅಂದೇ ತೆಗೆದುಹಾಕಿ, ತೆಗೆದ ಕಾರಣವನ್ನು ಅಲ್ಲಿಯೇ ಬರೆದಿಡುವುದು ಅವಶ್ಯ.