ಉಪದೇಶಕ್ಕಿಂತ ಮೊದಲು ಕಿವಿ ಕೊಡೋಣ

"ಸರ್, ಓದೋಕೆ ಮನಸ್ಸೇ ಬರ್ತಿಲ್ಲ" ಎಂದು ವಿದ್ಯಾರ್ಥಿಯೊಬ್ಬ ಹೇಳಿದರೆ ನಾವು ತಕ್ಷಣ "ಮೊಬೈಲ್ ಬಿಡು, ಫಜ್ರ್‌ಗೆ ಎದ್ದು ಓದು" ಎನ್ನುತ್ತೇವೆ. ಮಾತು ಸರಿಯೇ. ಆದರೆ ಅವನು ಹೇಳಬೇಕೆಂದಿದ್ದ ಉಳಿದ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಮಾನವತಾವಾದಿ ಆಪ್ತಸಮಾಲೋಚನೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಅಮೆರಿಕದ ಕಾರ್ಲ್ ರೋಜರ್ಸ್ (1902–1987) ಸಮಾಲೋಚಕರಿಗೆ ಮುಖ್ಯವಾಗಿ ಮೂರು ಗುಣ ಬೇಕೆಂದರು: ಎದುರಿಗಿರುವವರ ಮನಸ್ಸನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ಷರತ್ತಿಲ್ಲದೆ ಗೌರವಿಸುವುದು, ತೋರಿಕೆಯಿಲ್ಲದೆ ಇರುವುದು.

ಇದು ಬರೀ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಕೆಲಸದಲ್ಲಿದ್ದುಕೊಂಡೇ ಇದನ್ನು ಅರೆಕಾಲಿಕವಾಗಿ ಕಲಿಯಬಹುದು. ಆದರೆ ಅಲ್ಲಿನ ಸಮಾಲೋಚಕರ ಸಂಘವಾದ ಬಿಎಸಿಪಿ ಕನಿಷ್ಠ 2 ವರ್ಷದ ಅರೆಕಾಲಿಕ ತರಗತಿಯ ಜೊತೆಗೆ, ಅನುಭವಿಗಳ ಮೇಲ್ವಿಚಾರಣೆಯಲ್ಲಿ 100 ಗಂಟೆ ಸಮಾಲೋಚನೆ ನಡೆಸಿರಬೇಕು ಎನ್ನುತ್ತದೆ.

ನಮ್ಮ ಕಾಲೇಜಿನಲ್ಲೂ ಒಬ್ಬ ಉಪನ್ಯಾಸಕರು, ಒಬ್ಬ ಉಪನ್ಯಾಸಕಿಯಾದರೂ ಅಭ್ಯಾಸಸಹಿತ ತರಬೇತಿ ಪಡೆಯಲಿ. ಆಡಳಿತ ಮಂಡಳಿ ಸಮಯವನ್ನೂ ಶುಲ್ಕದ ನೆರವನ್ನೂ ನೀಡಲಿ. ಅಲ್ಲಿಯವರೆಗೆ ಟೆಲಿ ಮಾನಸ್ ಸಂಖ್ಯೆ 14416 ನೋಟಿಸ್ ಬೋರ್ಡಿನಲ್ಲಿರಲಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ.

ನಂಬಿ ಹೇಳಿದ ಮಾತು ಅಮಾನತ್. ಅದನ್ನು ಕಾಪಾಡಬಲ್ಲವರು ಸ್ಟಾಫ್ ರೂಮಿನಲ್ಲಿದ್ದಾರೆ ಎಂದು ಗೊತ್ತಾದರೆ ಮಕ್ಕಳು ಖಂಡಿತ ಬಾಗಿಲು ತಟ್ಟುತ್ತಾರೆ.