ಬೋನಾಳಕ್ಕೆ ಹೋಗುವುದಾದರೆ ನಿಧಾನಕ್ಕೆ ಹೋಗಿ

"ಹೊಲ ನೋಡ್ಲಿಕ್ಕ ಯಾರಾರ ಕಾರ್ ಬಾಡಿಗಿ ಹಿಡದು ಹೋಗ್ತಾರೇನು? ದಿನಾ ನೋಡೂದು ಅದೇ ಅಲ್ಲ?" ಎಂದು ಮುತ್ಯಾ ನಕ್ಕರು. ಹೋಳಿ ಮುಗಿದು ಒಂದು ವಾರವಾಗಿತ್ತು. ನಮ್ಮ ಮನೆಯ ಏಳು ಮಂದಿ ಭಾನುವಾರ ಮುಂಜಾನೆ ಶಹಾಪುರದಿಂದ ಸುರಪುರದ ಮೇಲೆ ಹಾಯ್ದು ಬೋನಾಳ ಕೆರೆಗೆ ಹೊರಟಿದ್ದೆವು. ಮದುವೆ ಇರಲಿಲ್ಲ, ದವಾಖಾನೆ ಇರಲಿಲ್ಲ, ಹರಕೆಯೂ ಇರಲಿಲ್ಲ. ಏನೂ ಕೆಲಸವಿಲ್ಲದೆ ಮನೆಯವರೆಲ್ಲ ಒಟ್ಟಿಗೆ ಗಾಡಿ ಹತ್ತಿದ್ದು ನಮಗೆ ಅದೇ ಮೊದಲು.

ನಮ್ಮ ಕಡೆ ಟ್ರಿಪ್ ಅಂದರೆ ಮೈಸೂರು, ಇಲ್ಲವೇ ಗೋವಾ. ನಮ್ಮದೇ ಜಿಲ್ಲೆಯ ರಸ್ತೆಗಳನ್ನು ನಾವು ನಿದ್ದೆಗಣ್ಣಲ್ಲಿ, ಬೆಂಗಳೂರು ಬಸ್ಸಿನ ಕಿಟಕಿಯಲ್ಲಿ ದಾಟುತ್ತೇವೆ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ನಿಜ. ಆದರೆ ಅದು ನಮ್ಮ ಹೊಲ. ಮಂದಿಯ ಹೊಲ ಹೇಗಿದೆ, ಮುಂದಿನ ಊರಿನ ಮಣ್ಣು ಏನಾಗುತ್ತಿದೆ ಎಂದು ನೋಡಲು ಯಾರೂ ಹೋಗುವುದಿಲ್ಲ. ಹೋಗಬೇಕು ಎನ್ನುವುದು ನಮ್ಮ ಮಾತು. ಅದೂ ಮಾರ್ಚ್ ತಿಂಗಳಲ್ಲೇ ಹೋಗಬೇಕು.

ಪುಸ್ತಕದಲ್ಲಿ ಓದುವ ವಸಂತ ನಮ್ಮಲ್ಲಿ ಇಲ್ಲ ಬಿಡಿ. ಹೋಳಿ ಮುಗಿದರೆ ಬಿಸಿಲು ಬಂತು ಅಂತಲೇ ಲೆಕ್ಕ. ಆದರೂ ಬೇವು ಚಿಗುರಿತ್ತು, ಹೊಂಗೆ ಎಳೆ ಹಸಿರಾಗಿತ್ತು. ಡ್ರೈವರ್ ತಮ್ಮನಿಗೆ "ನಲವತ್ತರ ಮೇಲೆ ಓಡಿಸಬೇಡ" ಎಂದು ಮೊದಲೇ ಹೇಳಿದ್ದೆವು. ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿದ ಬುದ್ಧನ ಹಣೆ ಯಾವುದು, ಮೂಗು ಯಾವುದು ಎಂದು ಗಾಡಿ ನಿಲ್ಲಿಸಿ ಮಕ್ಕಳಿಗೆ ತೋರಿಸಿದೆವು. ಎಷ್ಟೋ ವರ್ಷದಿಂದ ನೋಡುತ್ತಿದ್ದೇವೆ, ತೋರಿಸಿದ್ದು ಮಾತ್ರ ಆವತ್ತೇ.

ನೀರಾವರಿ ಇಲ್ಲದ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ ಮುಗಿದಿತ್ತು. ಕಣಿಕೆ ಬಣವೆಯಾಗಿತ್ತು. ನೆಲ ಬಿರುಕು ಬಿಟ್ಟಿತ್ತು. ಹತ್ತಿ ಕಟ್ಟಿಗೆ ಕಿತ್ತು ಬದುವಿಗೆ ಒಟ್ಟಿದ್ದರು. ಒಂದು ಕಡೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಅದರ ಘಾಟಿಗೆ ಗಾಡಿಯಲ್ಲಿದ್ದವರೆಲ್ಲ ಸೀನಿದೆವು.

ಕಾಲುವೆ ಹತ್ತಿರ ಬಂದಂತೆ ಗಾಳಿಯೇ ಬದಲಾಯಿತು. ಕಣ್ಣು ಹೋದಷ್ಟು ದೂರ ಬೇಸಿಗೆ ಭತ್ತ, ನಡುನಡುವೆ ಬೆಳ್ಳಕ್ಕಿ. ಆರನೇ ಇಯತ್ತೆಯ ಹುಡುಗ ಕೇಳಿದ: "ಇಲ್ಲಿ ಇಷ್ಟು ಹಸಿರದ, ಆಗ ನೋಡಿದ್ವಲ್ಲ, ಅಲ್ಲಿ ಯಾಕ ಇಲ್ಲ?"

ಗಾಡಿಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಯಾಕೆಂದರೆ ನಮ್ಮ ಮನೆಯ ಜಗಳವೂ ಅದೇ. ನಮ್ಮದು ಐದು ಎಕರೆ. ಜೋಳ, ತೊಗರಿ ಹಾಕುತ್ತಾ ಬಂದಿದ್ದೇವೆ. ಈಗ ಹೊಲದವರೆಗೆ ಕಾಲುವೆ ನೀರು ಬರುತ್ತದೆ. ಐದೂ ಎಕರೆ ಗದ್ದೆ ಮಾಡೋಣ ಎಂದು ಕಾಕಾ. ಬೇಡ ಎಂದು ಮುತ್ಯಾ.

ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದದ್ದು 1982ರಲ್ಲಿ. ಅದರ ಎಡದಂಡೆ ಕಾಲುವೆ ಬಂದ ಮೇಲೆಯೇ ಸುರಪುರ, ಶಹಾಪುರದ ಬಣ್ಣ ಬದಲಾಯಿತು. ಗುಳೆ ಹೋಗುತ್ತಿದ್ದ ಎಷ್ಟೋ ಮನೆಗಳು ಊರಲ್ಲೇ ಉಳಿದವು. ಅದನ್ನು ಮರೆಯಬಾರದು. ಆದರೆ ಕೃಷ್ಣಾ ಮೇಲ್ದಂಡೆ ಯೋಜನೆ ಮಾಡಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗೆ: ಜೋಳ, ಶೇಂಗಾ, ಕಡಲೆ, ಹತ್ತಿ. ಭತ್ತದ ಲೆಕ್ಕವೇ ಅದರಲ್ಲಿರಲಿಲ್ಲ. ಮೇಲಿನವರು ಗದ್ದೆ ಮಾಡಿದರೆ ಕಾಲುವೆಯ ಕೊನೆಯವರಿಗೆ ನೀರು ಮುಟ್ಟುವುದಿಲ್ಲ. ನೀರು ಬಿಡಿ, ಇನ್ನೂ ಸ್ವಲ್ಪ ದಿನ ಬಿಡಿ ಎಂದು ಬೇಸಿಗೆಯಲ್ಲಿ ರೈತರು ರಸ್ತೆಗೆ ಇಳಿಯುವುದು ನಿಮಗೂ ಗೊತ್ತು.

ಹಾಗಂತ ಭತ್ತ ಹಾಕುವವರನ್ನು ಬೈಯುವುದು ಸುಲಭ. ಕಾಕಾನ ಮಾತಲ್ಲೂ ಸತ್ಯವಿದೆ. ಭತ್ತಕ್ಕೆ ಮಷೀನು ಬರುತ್ತದೆ, ಒಂದು ದಿನದಲ್ಲಿ ಕೊಯ್ದು ಚೀಲಕ್ಕೆ ಹಾಕಿ ಹೋಗುತ್ತದೆ. ಜೋಳ ಕೀಳಲು ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಉಳಿಯುವುದೇನು? 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತು, ಜೋಳವೂ ಅದರಲ್ಲಿತ್ತು. ಭಾಷಣಗಳಾದವು. ನಮ್ಮ ಕಣಕ್ಕೆ ಬಂದು ಜೋಳ ಒಯ್ಯುವವನ ತಕ್ಕಡಿಯಲ್ಲಿ ಏನೂ ಬದಲಾಗಲಿಲ್ಲ.

ಮುಂದೆ ಒಂದು ಕಡೆ ಮುತ್ಯಾ ಗಾಡಿ ನಿಲ್ಲಿಸಿ ಅಂದರು. ಗದ್ದೆಗಳ ನಡುವೆ ಅರ್ಧ ಎಕರೆಯಷ್ಟು ಜಾಗ ಖಾಲಿ ಬಿದ್ದಿತ್ತು. ನೆಲದ ಮೇಲೆ ಸುಣ್ಣ ಎರಚಿದಂತೆ ಬೆಳ್ಳಗೆ. ಮುತ್ಯಾ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಮುಟ್ಟಿಸಿ ಉಗುಳಿದರು. "ಸವಳು. ಎರಿ ಭೂಮಿ ನೀರು ಕುಡೀತದ, ಬಿಡೂದಿಲ್ಲ." ಕಪ್ಪು ಮಣ್ಣಲ್ಲಿ ವರ್ಷವಿಡೀ ನೀರು ನಿಲ್ಲಿಸಿ, ಬಸಿದು ಹೋಗಲು ದಾರಿ ಮಾಡದಿದ್ದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಇದನ್ನು ಕೃಷಿ ಇಲಾಖೆಯ ಪತ್ರಿಕೆಯಲ್ಲಿ ಕಾಕಾ ಎಷ್ಟೋ ಸಲ ಓದಿದ್ದರು. ಓದಿದ್ದು ಬೇರೆ, ನಿಂತು ನೋಡಿದ್ದು ಬೇರೆ. ಅವರೂ ಕುಳಿತು ಮಣ್ಣು ಮುಟ್ಟಿ ನೋಡಿದರು. ಜೋರಾಗಿ ಹೋಗಿದ್ದರೆ ಆ ಜಾಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸುರಪುರ ದಾಟಿ ಹತ್ತು-ಹನ್ನೆರಡು ಕಿಲೋಮೀಟರ್ ಹೋದರೆ ಬೋನಾಳ. ಕೆರೆ 17ನೇ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದ್ದು. 1841ರಲ್ಲಿ ಸುರಪುರಕ್ಕೆ ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸ್ಥಾನದ ಆಡಳಿತ ನೋಡಿದ ಮೆಡೋಸ್ ಟೇಲರ್ ಅದನ್ನು ಸರಿಪಡಿಸಿದ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿದವರಿಗೆ ಆ ಹೆಸರು ಹೊಸದಲ್ಲ. ಸುಮಾರು 700 ಎಕರೆಯ ಈ ಕೆರೆ ಪಕ್ಷಿಧಾಮ ಕೂಡ. ರಂಗನತಿಟ್ಟು ನೋಡಲು ನಾವು ದುಡ್ಡು ಕೂಡಿಸುತ್ತೇವೆ, ಬೋನಾಳಕ್ಕೆ ಬಂದವರು ಎಷ್ಟು ಮಂದಿ, ನೀವೇ ಹೇಳಿ.

ನಾವು ಹೋದಾಗ ಪಟ್ಟೆತಲೆ ಹೆಬ್ಬಾತುಗಳು ಬಹುತೇಕ ಹೊರಟುಹೋಗಿದ್ದವು. ಚಳಿಗಾಲ ಇಲ್ಲಿ ಕಳೆದು, ಬಿಸಿಲು ಹತ್ತುತ್ತಲೇ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಹೋಗುವ ಹಕ್ಕಿ ಅದು. ಹುಡುಗನಿಗೆ ಬೇಜಾರಾಯಿತು. ಆದರೆ ನೇರಳೆ ಬಣ್ಣದ ಜಂಬುಕೋಳಿಗಳು ಜೊಂಡಿನಲ್ಲಿ ಓಡಾಡುತ್ತಿದ್ದವು, ಅವನ್ನು ಎಣಿಸುತ್ತಾ ಕುಳಿತ. ಇವೆಲ್ಲ ಮೇಯುವುದು ಕೆರೆಯಲ್ಲಷ್ಟೇ ಅಲ್ಲ, ಸುತ್ತಲಿನ ಹೊಲದಲ್ಲೂ. ಹೊಲಕ್ಕೆ ಹೊಡೆಯುವ ಎಣ್ಣೆ ಹಕ್ಕಿಯ ಹೊಟ್ಟೆಗೂ ಹೋಗುತ್ತದೆ, ಬಸಿದ ನೀರಿನೊಡನೆ ಕೆರೆಗೂ ಇಳಿಯುತ್ತದೆ.

ಏರಿಯ ಮೇಲೆ ಬುತ್ತಿ ಬಿಚ್ಚಲು ಜಾಗ ಹುಡುಕಿದರೆ ಒಡೆದ ಬಾಟಲಿ, ಪ್ಲಾಸ್ಟಿಕ್ ತಟ್ಟೆ. ಹಿಂದಿನ ದಿನ ಯಾರೋ ಪಾರ್ಟಿ ಮಾಡಿದ್ದರು. ಅದಕ್ಕಿಂತ ಕಷ್ಟವಾದದ್ದು ಆಯಿ ಮತ್ತು ಅತ್ತಿಗೆಗೆ. ಶೌಚಾಲಯ ಹುಡುಕಿ ಹುಡುಕಿ ಕೊನೆಗೆ ಊರೊಳಗೆ ಒಬ್ಬರ ಮನೆಯಲ್ಲಿ ಕೇಳಿಕೊಂಡರು. ಪ್ರವಾಸೋದ್ಯಮ ಎಂದು ದೊಡ್ಡ ಫಲಕ, ದೋಣಿ, ಲೈಟು ಹಾಕುವ ಮೊದಲು ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ, ನಾಲ್ಕು ಗಿಡದ ನೆರಳು, ಕುಡಿಯಲು ನೀರು, ಭಾನುವಾರ ಸುರಪುರದಿಂದ ಬಂದುಹೋಗಲು ಒಂದು ಬಸ್ಸು ಕೊಡಿ. ಬಾಡಿಗೆ ಕಾರು ಎಲ್ಲರಿಗೂ ಆಗುವುದಿಲ್ಲ.

ನೀವು ಹೋಗುವುದಾದರೆ ಡಿಜೆ ಬೇಡ, ಹಕ್ಕಿ ನಿಲ್ಲುವುದಿಲ್ಲ. ಕಸ ತುಂಬಲು ಒಂದು ಚೀಲ ಇಟ್ಟುಕೊಳ್ಳಿ. ಹೆಬ್ಬಾತು ನೋಡಬೇಕಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಮಣ್ಣು ನೋಡಬೇಕಾದರೆ ಮಾರ್ಚ್. ಮನೆಯ ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅವರು ನಿಲ್ಲಿಸು ಅಂದಲ್ಲಿ ನಿಲ್ಲಿಸಿ.

ತಿರುಗಿ ಬರುವಾಗ ಕತ್ತಲಾಗಿತ್ತು. ಶಹಾಪುರದ ದೀಪ ಕಾಣುವ ಹೊತ್ತಿಗೆ ಕಾಕಾ ಹಿಂದಿನ ಸೀಟಿನಿಂದ, "ಎರಡು ಎಕರೆ ಜೋಳಕ್ಕ ಬಿಡೂಣು, ಮೂರು ಗದ್ದಿ" ಎಂದರು. ಮುತ್ಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಸಿಗಾಲುವೆ ತೋಡಲು ಎಷ್ಟು ಖರ್ಚು ಬರುತ್ತದೆ ಎಂದು ಕೇಳಿದರು.