ಕಟ್ಟುವವರನ್ನು ಆರಿಸುವ ಮೊದಲು ಮಣ್ಣನ್ನು ನೋಡಿರಿ



ಮನೆಯ ಹಿತ್ತಲಿನಲ್ಲಿಯೋ ಪಕ್ಕದ ಖಾಲಿ ಜಾಗದಲ್ಲಿಯೋ ದುಡಿಮೆಗೆಂದು ಒಂದು ಶೆಡ್ಡು ಕಟ್ಟಿಕೊಳ್ಳುವ ಕುಟುಂಬಗಳು ನಮ್ಮ ಸೀಮೆಯಲ್ಲಿ ಹಲವು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಅಥವಾ ಖಾರದ ಪುಡಿಯ ಗಿರಣಿ ಹೂಡಲು, ರಾಣೇಬೆನ್ನೂರಿನಲ್ಲಿ ಬೀಜ ಹಸನು ಮಾಡಿ ಚೀಲ ತುಂಬಲು, ಹಾವೇರಿಯಲ್ಲಿ ವೆಲ್ಡಿಂಗ್, ಬಡಿಗತನ, ಟ್ರ್ಯಾಕ್ಟರ್ ದುರಸ್ತಿಗೆ, ಅದೂ ಇಲ್ಲವಾದರೆ ಮನೆಯ ವಾಹನ ನಿಲ್ಲಿಸುವ ಗ್ಯಾರೇಜಿಗೆ ಇಂಥ ಕಟ್ಟಡ ಬೇಕಾಗುತ್ತದೆ. ಶೆಡ್ಡು ಮನೆಗಿಂತ ಚಿಕ್ಕದು ನಿಜ. ಆದರೆ ಮನೆಯವರ ಅನ್ನ ಹುಟ್ಟುವುದು ಅಲ್ಲಿಯೇ. ಅದಕ್ಕೆ ತೊಡಗಿಸುವ ಹಣವೂ ಬಹುಪಾಲು ಸಹಕಾರಿ ಸಂಘದ ಸಾಲ, ಇಲ್ಲವೇ ಮಕ್ಕಳ ಮದುವೆಗೆಂದು ಕೂಡಿಟ್ಟ ಗಂಟು. ಆದುದರಿಂದ ಅದನ್ನು ಯಾರ ಕೈಗೆ ಒಪ್ಪಿಸಬೇಕೆಂಬುದು ಹಗುರಾಗಿ ತೀರ್ಮಾನಿಸುವ ಮಾತಲ್ಲ.

ಗುತ್ತಿಗೆದಾರರು ಮನೆಗೆ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ "ಚದರಕ್ಕೆ ದರ ಎಷ್ಟು?" ಎಂಬುದಾಗಿರುತ್ತದೆ. ಮೊದಲು ಕೇಳಬೇಕಾದುದು ಬೇರೆಯೇ ಇದೆ: "ಪಾಯ ಎಷ್ಟು ಆಳ ತೋಡುವಿರಿ, ಏಕೆ?" ಈ ಒಂದು ಪ್ರಶ್ನೆಗೆ ಅವರು ಕೊಡುವ ಉತ್ತರದಲ್ಲಿಯೇ ಅವರ ಅನುಭವ, ಪ್ರಾಮಾಣಿಕತೆ ಎರಡೂ ಬಯಲಾಗುತ್ತವೆ.

ಕಾರಣ ನಮ್ಮ ನೆಲದಲ್ಲಿಯೇ ಇದೆ. ಹಾವೇರಿ ಜಿಲ್ಲೆಯಲ್ಲಿ ಮಸಾರಿ ಭೂಮಿಯೂ ಇದೆ, ಎರೆಭೂಮಿಯೂ ಇದೆ. ಕೆಲವೆಡೆ ಒಂದೇ ಊರಿನ ಎರಡು ದಿಕ್ಕಿಗೆ ಎರಡು ಬಗೆಯ ಮಣ್ಣು. ಹತ್ತಿ ಬೆಳೆಗೆ ತಾಯಿಯಂತಿರುವ ಎರೆಮಣ್ಣು ಕಟ್ಟಡಕ್ಕೆ ಮಲತಾಯಿ. ಅದರಲ್ಲಿರುವ ಜೇಡಿಯ ಸೂಕ್ಷ್ಮ ಕಣಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ಏಪ್ರಿಲ್ ತಿಂಗಳಲ್ಲಿ ಎರೆಹೊಲದ ಬಿರುಕಿನೊಳಗೆ ಕೈ ಇಳಿಸಿ ನೋಡಿದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಣ್ಣು ವರ್ಷಕ್ಕೊಮ್ಮೆ ಹೀಗೆ ಉಸಿರಾಡಿದಂತೆ ಏರಿಳಿಯುವಾಗ ಅದರ ಮೇಲಿನ ಗೋಡೆಯೂ ಏರಿಳಿಯುತ್ತದೆ. ಆದರೆ ಗೋಡೆಗೆ ಬಾಗುವ ಗುಣವಿಲ್ಲ, ಅದು ಸೀಳುತ್ತದೆ.

ಇಲ್ಲಿ ಬಹಳ ಜನ ತಪ್ಪಾಗಿ ತಿಳಿಯುವ ಸಂಗತಿಯೊಂದಿದೆ. "ಇದೇನು ಮಾಳಿಗೆ ಮನೆಯೇ? ತಗಡಿನ ಶೆಡ್ಡಿಗೆ ಎರಡಡಿ ಪಾಯ ಸಾಕು" ಎನ್ನುವ ಮಾತು ಕೇಳುವುದಕ್ಕೆ ಸರಿಯೆನಿಸುತ್ತದೆ. ಎರೆಮಣ್ಣಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಭಾರವಾದ ಕಟ್ಟಡ ತನ್ನ ತೂಕದಿಂದಲೇ ಮಣ್ಣಿನ ಉಬ್ಬನ್ನು ಸ್ವಲ್ಪಮಟ್ಟಿಗೆ ಅದುಮಿ ಹಿಡಿಯುತ್ತದೆ. ಹಗುರವಾದ ಶೆಡ್ಡಿಗೆ ಆ ತೂಕವಿಲ್ಲ. ಮಣ್ಣು ಅದನ್ನು ಸುಲಭವಾಗಿ ಎತ್ತಿಬಿಡುತ್ತದೆ. ಒಳಗಿನ ನೆಲವಂತೂ ಇನ್ನೂ ಹಗುರು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ನಡುಮನೆ ಗುಬ್ಬಿಯಾಗಿ ಉಬ್ಬಿ, ಶಟರ್ ಅರ್ಧಕ್ಕೆ ಸಿಕ್ಕಿಕೊಂಡು, ಗಿರಣಿಯ ಪಟ್ಟಿ ಓರೆಯಾಗುವುದು ಹೀಗೆ.

ಆದುದರಿಂದ ವಿಶ್ವಾಸಕ್ಕೆ ಯೋಗ್ಯರಾದ ಗೌಂಡಿಗಳು ಅಥವಾ ಗುತ್ತಿಗೆದಾರರು ನಿವೇಶನ ನೋಡದೆ ದರ ಹೇಳುವುದಿಲ್ಲ. "ಮೊದಲು ಗುಂಡಿ ತೋಡಿ ನೋಡೋಣ" ಎನ್ನುತ್ತಾರೆ. ಶೆಡ್ಡು ಬರುವ ಜಾಗದ ಎರಡು ಮೂಲೆಗಳಲ್ಲಿ ಆಳುದ್ದ ಗುಂಡಿ ತೋಡಿಸಿದರೆ ಎರೆ ಎಲ್ಲಿಗೆ ಮುಗಿಯುತ್ತದೆ, ಗರಸು ಎಲ್ಲಿಂದ ಆರಂಭವಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನಾಲ್ಕೈದು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ಪಾಯವನ್ನು ಅಲ್ಲಿಗೇ ಇಳಿಸುವುದು ಲೇಸು. ಎರೆ ಇನ್ನೂ ಆಳಕ್ಕೆ ಹೋಗಿದ್ದರೆ ಇಂಜಿನಿಯರರ ಸಲಹೆ ಅನಿವಾರ್ಯ. ಇಂಥ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಲ್ಲಿ ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳ ಪದ್ಧತಿಯನ್ನು ಬೆಳೆಸಿದ್ದಾರೆ. ಮಣ್ಣು ಏರಿಳಿಯುವ ಪದರವನ್ನು ದಾಟಿ ಸುಮಾರು 3.5 ಮೀಟರು ಆಳಕ್ಕೆ ಇಳಿಯುವ ಈ ಕಂಬಗಳ ತಲೆಯನ್ನು ತೊಲೆಯಿಂದ ಜೋಡಿಸಿ ಅದರ ಮೇಲೆ ಗೋಡೆ ಎಬ್ಬಿಸುತ್ತಾರೆ. ನೆಲದ ಕೆಳಗಿನ ಎರೆಯನ್ನು ತೆಗೆದು, ಗರಸನ್ನು ಪದರು ಪದರಾಗಿ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡುವುದೂ, ಗೋಡೆಯ ಸುತ್ತ ಮಳೆನೀರು ಇಂಗದಂತೆ ಹೊರಕ್ಕೆ ಇಳಿಜಾರಾದ ಹಾಸು ಹಾಕುವುದೂ ಅಷ್ಟೇ ಅಗತ್ಯ.

ಮಣ್ಣಿನ ಗುಣ ತಿಳಿಯಲು ಪ್ರಯೋಗಶಾಲೆಯಲ್ಲಿ ಒಂದು ಸರಳ ಪರೀಕ್ಷೆಯಿದೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿನ ಗಾಜಿನ ಕೊಳವೆಗೂ, ಅಷ್ಟೇ ಮಣ್ಣನ್ನು ಸೀಮೆಎಣ್ಣೆಯ ಕೊಳವೆಗೂ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚು ಏರಿತೋ ಅದೇ ಅದರ ಉಬ್ಬು. ಸಿವಿಲ್ ಶಾಖೆಯುಳ್ಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಬಗ್ಗೆ ವಿಚಾರಿಸಬಹುದು. "ಇಂಥ ಪರೀಕ್ಷೆ ಮಾಡಿಸೋಣವೇ?" ಎಂದು ಕೇಳಿದಾಗ ಬೇಸರಿಸುವವರಿಗಿಂತ "ಮಾಡಿಸಿರಿ, ನನಗೂ ಅನುಕೂಲ" ಎನ್ನುವವರು ಉತ್ತಮರು.

ಎರಡನೆಯದಾಗಿ, ಅವರ ಹೊಸ ಕೆಲಸವನ್ನಲ್ಲ, ಹಳೆಯ ಕೆಲಸವನ್ನು ನೋಡಿರಿ. ಸುಣ್ಣಬಣ್ಣದ ವಾಸನೆ ಆರದ ಕಟ್ಟಡ ಯಾರದಾದರೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮಳೆಗಾಲ, ಎರಡು ಬೇಸಿಗೆ ಕಂಡ ಶೆಡ್ಡು ಮಾತ್ರ ನಿಜ ಹೇಳುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಇದೆಯೇ, ನೆಲ ನಡುವೆ ಉಬ್ಬಿದೆಯೇ, ಕದ ನೆಲಕ್ಕೆ ತಾಗುತ್ತದೆಯೇ ಎಂಬುದನ್ನು ಗಮನಿಸಿರಿ. ಆ ಮನೆಯ ಯಜಮಾನರನ್ನೂ ತಾಯಂದಿರನ್ನೂ ಗುತ್ತಿಗೆದಾರರ ಅನುಪಸ್ಥಿತಿಯಲ್ಲಿ ಮಾತನಾಡಿಸಿರಿ. ಒಪ್ಪಿದ ದಿನಕ್ಕೆ ಮುಗಿಸಿದರೇ? ಕೂಲಿಕಾರರಿಗೆ ವಾರದ ಬಟವಾಡೆ ತಪ್ಪದೆ ಕೊಟ್ಟರೇ? ಕೈಕೆಳಗಿನ ಆಳಿಗೆ ಕೂಲಿ ಉಳಿಸಿಕೊಳ್ಳುವವರು ನಮ್ಮ ಸಿಮೆಂಟನ್ನೂ ಉಳಿಸಿಕೊಂಡಾರು.

ಮೂರನೆಯದು, ಸಾಮಾನಿನ ತಪಾಸಣೆ. ಇದನ್ನು ಮನೆಯವರೇ ಮಾಡಬಹುದು. ಕಬ್ಬಿಣದ ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. ಈ ಲೆಕ್ಕದಂತೆ 12 ಮಿಲಿಮೀಟರಿನ, 12 ಮೀಟರು ಉದ್ದದ ಸರಳು ಸುಮಾರು 10.7 ಕಿಲೋ ತೂಗಬೇಕು. ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಒಂದೊಂದು ಸರಳಿಗೂ ಕಿಲೋಗಟ್ಟಲೆ ಕಡಿಮೆ ಬಂದರೆ ಮರಳಿ ಕಳಿಸಬೇಕು. ಉಸುಕನ್ನು ಗಾಜಿನ ಲೋಟದಲ್ಲಿ ನೀರಿನೊಡನೆ ಕಲಕಿ ಇಟ್ಟರೆ ಹೂಳು ಮೇಲೆ ಪದರಾಗಿ ನಿಲ್ಲುತ್ತದೆ. ಅದು ಉಸುಕಿನ ನೂರಕ್ಕೆ 8 ಭಾಗವನ್ನು ಮೀರಬಾರದೆಂಬುದು ಕಟ್ಟಡದವರ ರೂಢಿಯ ಲೆಕ್ಕ. ಸಿಮೆಂಟು, ಸರಳು ಎರಡಕ್ಕೂ ಐ.ಎಸ್.ಐ. ಗುರುತು ಇರಲಿ. ಸಾಧಾರಣ ಕಾಂಕ್ರೀಟಿಗೆ 50 ಕಿಲೋ ಸಿಮೆಂಟಿನ ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಕೈ ಸುಲಭವಾಗಲೆಂದು ಸುರಿಯುವ ಪ್ರತಿ ಕೊಡವೂ ಕಟ್ಟಡದ ಆಯುಷ್ಯವನ್ನು ಕುಡಿಯುತ್ತದೆ. ಹಾಕಿದ ಮೇಲೆ ಮಾತ್ರ ನೀರು ಧಾರಾಳವಾಗಿರಲಿ. ಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ, ನಮ್ಮ ಬಿರುಬೇಸಿಗೆಯಲ್ಲಿ 14 ದಿನ ಕಾಂಕ್ರೀಟನ್ನು ಹಸಿಯಾಗಿಡಬೇಕು.

ಇನ್ನು ನಮ್ಮ ಸಮಾಜದ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸೂಕ್ಷ್ಮದ ಮಾತು. "ಗುತ್ತಿಗೆದಾರರು ನಮ್ಮ ಬೀಗರ ಕಡೆಯವರು, ಕಾಗದ ಬರೆಯಿರೆಂದರೆ ಏನು ತಿಳಿದಾರು?" ಎಂಬ ಸಂಕೋಚದಿಂದ ಎಲ್ಲವನ್ನೂ ಬಾಯಿಮಾತಿಗೆ ಬಿಡುತ್ತೇವೆ. ನೆಲ ಉಬ್ಬಿದ ದಿನ "ನೀವು ಹೇಳಲಿಲ್ಲ", "ನೀವು ಕೇಳಲಿಲ್ಲ" ಎಂಬ ಮಾತು ಹುಟ್ಟುತ್ತದೆ. ಹೋದ ಹಣವನ್ನು ಮತ್ತೆ ದುಡಿಯಬಹುದು. ಮದುವೆ, ಜಾತ್ರೆಗಳಲ್ಲಿ ಎದುರಾದರೂ ಮುಖ ತಿರುಗಿಸುವಂತಾದ ನಂಟನ್ನು ದುಡಿದು ತರಲಾಗದು. ಕಾಗದವು ಅಪನಂಬಿಕೆಯ ಗುರುತಲ್ಲ; ಅದು ನಂಟಿಗೆ ಹಾಕುವ ಬೇಲಿ. ಪಾಯದ ಆಳ, ಸಾಮಾನಿನ ಗುಣಮಟ್ಟ, ಮುಗಿಸುವ ದಿನ, ಅಳತೆಯ ಕ್ರಮ, ಹೆಚ್ಚಿನ ಕೆಲಸದ ದರ, ಕೆಲಸಗಾರರಿಗೆ ಪೆಟ್ಟಾದರೆ ಹೊಣೆ ಯಾರದು ಎಂಬುದೆಲ್ಲ ಅದರಲ್ಲಿ ಇರಲಿ. ಹಣವನ್ನು ಪಾಯ, ಗೋಡೆ, ಮಾಡು, ನೆಲ ಎಂದು ಹಂತಹಂತವಾಗಿ ಕೊಡಿರಿ. ಸರ್ಕಾರಿ ಕಾಮಗಾರಿಗಳಲ್ಲಿ ಒಂದು ಪಾಲನ್ನು ದೋಷದ ಹೊಣೆಯ ಅವಧಿ ಮುಗಿಯುವವರೆಗೆ ತಡೆದಿಡುವ ಪದ್ಧತಿಯಿದೆ. ನಾವೂ ಒಂದು ಮಳೆಗಾಲ ಕಳೆಯುವವರೆಗೆ ಸ್ವಲ್ಪ ಹಣ ಉಳಿಸಿಕೊಳ್ಳುವುದೆಂದು ಮೊದಲೇ ಒಪ್ಪಿಕೊಳ್ಳಬಹುದು. ಆದರೆ ಒಪ್ಪಿದ ಕಂತನ್ನು ಒಪ್ಪಿದ ದಿನವೇ ಕೊಡುವುದು ನಮ್ಮ ಧರ್ಮ. ಅವರ ಹಿಂದೆಯೂ ಹತ್ತು ಒಲೆಗಳಿವೆ.

ನಕಾಶೆ ಬರೆಯಿಸುವ ಮುನ್ನ ಶೆಡ್ಡಿನಲ್ಲಿ ದಿನವಿಡೀ ಕುಳಿತು ದುಡಿಯುವವರನ್ನು ಕೇಳುವುದನ್ನು ಮರೆಯಬಾರದು. ತೊಟ್ಟು ಬಿಡಿಸುವ ತಾಯಂದಿರಿಗೆ ಖಾರದ ಘಾಟು ಹೊರಹೋಗುವ ಗವಾಕ್ಷಿ, ಬೆಳಕು, ಹತ್ತಿರದಲ್ಲಿ ಶೌಚಾಲಯ ಎಲ್ಲಿ ಬೇಕೆಂಬುದು ನಮಗಿಂತ ಚೆನ್ನಾಗಿ ಗೊತ್ತು. ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ಪರವಾನಗಿಯನ್ನೂ ಮುಂಚಿತವಾಗಿಯೇ ಪಡೆಯಬೇಕು. "ಅದೆಲ್ಲ ಆಮೇಲೆ ನೋಡಿದರಾಯಿತು" ಎನ್ನುವ ಗುತ್ತಿಗೆದಾರರಿಂದ ದೂರವಿರುವುದು ಲೇಸು.

ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನೂ, ತುಂಗಭದ್ರೆಯ ದಡದ ಚೌಡದಾನಪುರದ ಮುಕ್ತೇಶ್ವರ ದೇವಾಲಯವನ್ನೂ ನೋಡಲು ಹೋದವರು ಕೆತ್ತನೆಯನ್ನು ಹೊಗಳಿ ಬರುತ್ತಾರೆ. ಶತಮಾನಗಳಿಂದ ಆ ಕೆತ್ತನೆಯನ್ನು ಹೊತ್ತು ನಿಂತದ್ದು ಕಣ್ಣಿಗೆ ಬೀಳದ ಪಾಯ. ಕಾಯಕವನ್ನು ಗೌರವಿಸುವ ನಾವು ಕಟ್ಟುವವರ ಕುಲವನ್ನಾಗಲಿ ನಂಟನ್ನಾಗಲಿ ಕೇಳದೆ ಕೈಗುಣವನ್ನು ಕೇಳೋಣ. ನಾಳೆ ಮಣ್ಣು ಮುಚ್ಚಿ ಯಾರಿಗೂ ಕಾಣದಂತಾಗುವ ಕೆಲಸವನ್ನು ಇಂದು ಯಾರು ನಮ್ಮನ್ನು ಕರೆದು ತೋರಿಸಿ ಮಾಡುತ್ತಾರೋ ಅವರಿಗೇ ವೀಳ್ಯ ಕೊಡೋಣ.